ದೂರು ಹೇಳಿದವರನ್ನೇ ಕೆಲಸಕ್ಕೆ ಕರೆಯಿರಿ: ಹಳೇ ರೈಲು ಉಳಿಸುವವರಿಗೆ

ಬ್ರಿಟನ್ನಿನ ವೇಲ್ಸ್‌ನಲ್ಲಿ ಸ್ವಯಂಸೇವಕರು ಓಡಿಸುವ ಹಳೇ ಉಗಿ ರೈಲು ಟಲಿಲಿನ್. ಅದನ್ನು ಹತ್ತಿದವರು ಕೇಳುವ ಪ್ರಶ್ನೆ ಒಂದಿದೆ. ಬೋಗಿಗೆ ಒಂದೇ ಕಡೆ ಬಾಗಿಲು ಯಾಕೆ? ಉತ್ತರ 1866ರಷ್ಟು ಹಳೇದು. ಸರ್ಕಾರದ ಇನ್‌ಸ್ಪೆಕ್ಟರ್ ಬಂದು ಅಳೆದಾಗ ಹಳಿ ಮೇಲೆ ಹಾಯುವ ಸೇತುವೆಯ ಗೋಡೆಗೂ ಬೋಗಿಗೂ ನಡುವೆ ಎರಡೂವರೆ ಅಡಿ ಜಾಗ ಇರಬೇಕಿತ್ತು, ಎರಡಡಿಯೂ ಇರಲಿಲ್ಲ. ಸೇತುವೆ ಒಡೆಯದೆ ಹಳಿಯನ್ನೇ ಒಂದು ಪಕ್ಕಕ್ಕೆ ಸರಿಸಿದರು, ಗೋಡೆಗೆ ಹತ್ತಿರವಾದ ಕಡೆಯ ಬಾಗಿಲುಗಳನ್ನು ಕಾಯಂ ಮುಚ್ಚಿಬಿಟ್ಟರು. ಇವತ್ತಿಗೂ ಹಾಗೇ ಇದೆ.

ಈ ಕಥೆ ಗೊತ್ತಿರುವ ಗಾರ್ಡ್ ಉತ್ತರ ಕೊಟ್ಟರೆ ಗೊಣಗುತ್ತಿದ್ದವರೂ ಎದ್ದು ನಿಂತು ಕಿಟಕಿಯಿಂದ ಸೇತುವೆ ನೋಡುತ್ತಾರೆ. "ಗೊತ್ತಿಲ್ಲ ಸಾರ್" ಅಂದರೆ ಅದು ಬರೀ ದೂರಾಗಿ ಉಳಿಯುತ್ತದೆ.

ಹಾಗಾಗಿ ಮೊದಲ ಕೆಲಸ, ಜನ ಹೇಳುವುದನ್ನು ಸರಿಯಾದ ಹೊತ್ತಿನಲ್ಲಿ ಕೇಳುವುದು. ರೈಲಿನಿಂದ ಇಳಿದು ಟೀ ಕುಡಿಯುವಾಗ ಕೇಳಿ, ಮನೆಗೆ ಹೋದ ಮೇಲಲ್ಲ. ಇಪ್ಪತ್ತು ಪ್ರಶ್ನೆಯ ಫಾರಂ ಬೇಡ, ಎರಡು ಸಾಕು: ಏನು ಇಷ್ಟವಾಯಿತು, ಏನು ತೊಂದರೆಯಾಯಿತು. ತಾರೀಖು, ಎಷ್ಟು ಗಂಟೆಯ ರೈಲು, ಯಾವ ಬೋಗಿ ಅನ್ನುವುದನ್ನು ನೀವೇ ಬರೆದುಕೊಳ್ಳಿ, ಇಲ್ಲದಿದ್ದರೆ ನಾಳೆ ಆ ಚೀಟಿಯಿಂದ ಉಪಯೋಗವಿಲ್ಲ.

ಅದೇ ಸಂಜೆ ಚೀಟಿಗಳನ್ನು ಬೇರೆ ಮಾಡಿ. ಬಾಗಿಲ ಚಿಲಕ ಸಡಿಲ, ಪ್ಲಾಟ್‌ಫಾರಂ ಜಾರುತ್ತದೆ, ಎಂಜಿನ್ ಕಿಡಿ ಕಣ್ಣಿಗೆ ಬಿತ್ತು, ಇಂಥವು ಮೊದಲ ರೈಲು ಹೊರಡುವ ಮುಂಚೆ ಸಂಬಂಧಪಟ್ಟವರ ಕೈಸೇರಬೇಕು. ಇದಕ್ಕೆ ಮೀಟಿಂಗ್ ಕಾಯಬಾರದು. ಶೌಚಾಲಯ, ಕ್ಯೂ, ಆರಿಹೋದ ಟೀ ಇವುಗಳನ್ನು ವಾರಕ್ಕೊಮ್ಮೆ ಕೂತು ನೋಡಿದರೆ ಆಯಿತು. "ಯಾಕೆ" ಅಂತ ಶುರುವಾಗುವ ಚೀಟಿಗಳು ಮಾತ್ರ ಬೇರೆ ಜಾತಿ. ಅವು ದೂರಲ್ಲ, ಬೋರ್ಡ್‌ನಲ್ಲೋ ಗಾರ್ಡ್ ಬಾಯಲ್ಲೋ ಸೇರಬೇಕಾದ ಕಥೆಗಳು.

ಉತ್ತರ ಬರೆಯುವಾಗ ವಾದಕ್ಕೆ ನಿಲ್ಲಬೇಡಿ. "ಕ್ಷಮಿಸಿ, ಶನಿವಾರ ಎರಡನೇ ರೈಲಿನಲ್ಲಿ ನಿಮ್ಮ ತಾಯಿಗೆ ಹತ್ತಲು ಕಷ್ಟವಾಯಿತು. ಈ ವಾರ ಅಲ್ಲಿ ಒಂದು ಮೆಟ್ಟಿಲು ಇಡುತ್ತಿದ್ದೇವೆ. ಮತ್ತೆ ಬರುವ ಮುಂಚೆ ಫೋನ್ ಮಾಡಿ, ಒಬ್ಬರು ಬಾಗಿಲ ಹತ್ತಿರ ನಿಂತಿರುತ್ತಾರೆ." ಇಷ್ಟೇ. ಆಗದ ಕೆಲಸವಾದರೆ ಆಗುವುದಿಲ್ಲ ಅಂತ ಹೇಳಿ, ಕಾರಣವನ್ನೂ ಹೇಳಿ.

ಹೊಗಳಿಕೆಯ ಚೀಟಿಯನ್ನು ಫೈಲಿನಲ್ಲಿ ಹೂಳಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಬೆಳಗಿನ ಜಾವ ಎದ್ದು ತಣ್ಣಗಿನ ಬಾಯ್ಲರ್‌ಗೆ ಬೆಂಕಿ ಹಾಕಿ ಗಂಟೆಗಟ್ಟಲೆ ಕಾದು ಉಗಿ ಎಬ್ಬಿಸುವವರಿಗೆ ಸಂಬಳವಿಲ್ಲ. ಅವರಿಗೆ ಸಿಗುವುದು ಆ ಎರಡು ಸಾಲು. ಶೆಡ್ಡಿನಲ್ಲಿ ಎಲ್ಲರ ಎದುರು ಓದಿ. ಅವರ ಮೇಲಿನ ದೂರನ್ನು ಮಾತ್ರ ಒಬ್ಬರನ್ನೇ ಕೂರಿಸಿಕೊಂಡು ಹೇಳಿ, ಅವರು ಹೇಳುವುದನ್ನೂ ಕೇಳಿ.

ಈಗ ಜನರನ್ನು ಸೇರಿಸುವ ಮಾತು. ಟಲಿಲಿನ್ ಉಳಿದದ್ದೇ ಒಂದು ಪತ್ರದಿಂದ. ಮೊದಲ ಸಲ ಹೋದಾಗ ರೈಲು ಓಡದ ಕಾರಣ ಹಳಿ ಹಿಡಿದು ನಡೆದೇ ಹೋಗಿದ್ದ ಲೇಖಕ ಟಾಮ್ ರೋಲ್ಟ್, ಮುಂದೆ ಅದನ್ನು ಉಳಿಸುವ ಬಗ್ಗೆ ಬರ್ಮಿಂಗ್‌ಹ್ಯಾಮ್‌ನ ಪತ್ರಿಕೆಗೆ ಬರೆದರು. 1950ರಲ್ಲಿ ಮಾಲೀಕರು ತೀರಿಕೊಂಡರು, ಅಕ್ಟೋಬರ್‌ನಲ್ಲಿ ರೋಲ್ಟ್ ಮತ್ತು ಗೆಳೆಯರು ಸಭೆ ಕರೆದರು, 1951ರ ಮೇ 14ಕ್ಕೆ ಸ್ವಯಂಸೇವಕರ ರೈಲು ಹೊರಟಿತು. ಸ್ವಯಂಸೇವಕರು ಉಳಿಸಿಕೊಂಡ ಜಗತ್ತಿನ ಮೊದಲ ರೈಲು ಅದು. ಕಾಳಜಿ ಇರುವವರೇ ಉದ್ದುದ್ದ ಪತ್ರ ಬರೆಯುತ್ತಾರೆ ಅಲ್ವಾ? ಹಾಗಾಗಿ ಉತ್ತರದ ಕೊನೆಯಲ್ಲಿ ಒಂದು ಸಾಲು ಸೇರಿಸಿ: ಒಂದು ದಿನ ನಮ್ಮ ಜೊತೆ ಬರುತ್ತೀರಾ?

ಸುಮ್ನೆ "ಸ್ವಯಂಸೇವಕರು ಬೇಕಾಗಿದ್ದಾರೆ" ಅಂತ ಬೋರ್ಡ್ ಹಾಕಿದರೆ ಯಾರೂ ಬರುವುದಿಲ್ಲ. ದಿನ, ಕೆಲಸ, ಎಷ್ಟು ಜನ, ಎಷ್ಟು ಹೊತ್ತು, ಎಲ್ಲ ಬರೆಯಿರಿ. "ಮಾರ್ಚ್ ಎರಡನೇ ಶನಿವಾರ, ಹಳಿ ಪಕ್ಕದ ಪೊದೆ ಕಡಿಯಲು ನಾಲ್ಕು ಜನ, ಬೆಳಿಗ್ಗೆ ಹತ್ತರಿಂದ ಮೂರರವರೆಗೆ, ಊಟ ನಮ್ಮದು." ಎಲ್ಲರಿಗೂ ಡ್ರೈವರ್ ಆಗುವ ಆಸೆ. ಎಂಜಿನ್ ಒರೆಸುವುದರಿಂದ ಶುರು, ಆಮೇಲೆ ಬಾಯ್ಲರ್ ಬೆಂಕಿ ನೋಡಿಕೊಳ್ಳುವ ಫೈರ್‌ಮನ್, ಅದಾದ ಮೇಲೆ ಡ್ರೈವರ್, ನಡುವೆ ತರಬೇತಿ, ಪರೀಕ್ಷೆ, ವರ್ಷಗಳೇ ಬೇಕು ಅಂತ ಮೊದಲ ದಿನವೇ ಹೇಳಿಬಿಡಿ. ಟಿಕೆಟ್ ಕೊಡುವುದು, ಬಡಗಿ ಕೆಲಸ, ಲೆಕ್ಕ ಬರೆಯುವುದು, ಹೂಗಿಡಕ್ಕೆ ನೀರು ಹಾಕುವುದು, ಇದಕ್ಕೂ ಜನ ಬೇಕು. ಇಂಗ್ಲೆಂಡ್, ವೇಲ್ಸ್‌ನಲ್ಲಿರುವ ಕನ್ನಡಿಗರೂ ಇಂಥ ಕಡೆ ಸೇರಬಹುದು, ವೀಸಾ ನಿಯಮ ಮಾತ್ರ ಮೊದಲು ನೋಡಿಕೊಳ್ಳಿ.

ನಮ್ಮ ಕಡೆ ಲೆಕ್ಕ ಬೇರೆ. ನೀಲಗಿರಿ ರೈಲು, 1979ರಲ್ಲಿ ಶುರುವಾದ ಮೈಸೂರಿನ ರೈಲು ಮ್ಯೂಸಿಯಂ, ಎರಡೂ ರೈಲ್ವೆ ಇಲಾಖೆಯವು. ಹೊರಗಿನವರು ಎಂಜಿನ್ ಓಡಿಸುವ ಮಾತಿಲ್ಲ. ಆದರೆ ಹಳೇ ಎಂಜಿನ್ ಕಥೆ ಹೇಳಲು ನಿವೃತ್ತ ರೈಲ್ವೆ ನೌಕರರಿಗಿಂತ ಒಳ್ಳೆಯವರು ಯಾರಿದ್ದಾರೆ? ಇಲಾಖೆಯ ಅನುಮತಿ ಪಡೆದು ಅವರನ್ನು ಭಾನುವಾರ ಒಂದು ಕುರ್ಚಿ ಹಾಕಿ ಕೂರಿಸಬಹುದು.

ಹೊಸಬರು ಬಂದ ದಿನ ಗೇಟಿನ ಹತ್ತಿರ ಒಬ್ಬರು ಕಾಯುತ್ತಿರಬೇಕು. ಹೆಸರು ಹಿಡಿದು ಕರೆಯಬೇಕು, ಕೈಗವಸು ಸಿದ್ಧವಿರಬೇಕು, ಅವತ್ತೇ ಮುಗಿಯುವಂಥ ಒಂದು ಕೆಲಸ ಕೊಡಬೇಕು. ಹೊರಡುವಾಗ ಮುಂದಿನ ತಾರೀಖು ಕೇಳಿ ಬರೆದುಕೊಳ್ಳಿ, ಎರಡು ದಿನ ಮೊದಲು ಫೋನ್ ಮಾಡಿ.