ಮನೆಯಲ್ಲಿ ಕಟ್ಟಿದ ಕಾರಿನ ಬ್ರೇಕ್ ಪೆಡಲ್ ಮೆತ್ತಗಿದ್ದರೆ

ಪೆಡಲ್ ಸ್ಪಂಜಿನ ಹಾಗಿದ್ದರೆ ಎಲ್ಲರೂ ಮೊದಲು ಬ್ಲೀಡಿಂಗ್‌ಗೆ, ಅಂದರೆ ಬ್ರೇಕ್ ಆಯಿಲ್ ಹೊರಬಿಟ್ಟು ಲೈನಿನ ಗಾಳಿ ತೆಗೆಯುವುದಕ್ಕೆ, ಇಳಿಯುತ್ತಾರೆ. ಆಯಿಲ್ ಖಾಲಿ ಮಾಡುವ ಮುಂಚೆ ಪೆಡಲನ್ನೇ ವಿಚಾರಿಸಿ. ಬೇರೆ ಬೇರೆ ಗಾಡಿಗಳ ಪಾರ್ಟ್ ಸೇರಿಸಿ ಕಟ್ಟಿದ ಕಾರಿನಲ್ಲಿ ತಪ್ಪು ಗಾಳಿಯದ್ದಲ್ಲ, ಜೋಡಣೆಯದ್ದೇ ಆಗಿರಬಹುದು.

ಬೇಗಬೇಗ ನಾಲ್ಕೈದು ಸಲ ಪಂಪ್ ಮಾಡಿ. ಪೆಡಲ್ ಮೇಲೆದ್ದು ಗಟ್ಟಿಯಾದರೆ ಲೈನಿನಲ್ಲಿ ಗಾಳಿ ಇದೆ, ಇಲ್ಲವೇ ಹಿಂದಿನ ಬ್ರೇಕ್ ಡ್ರಮ್ಮಿಗೆ ಒಳಗಿಂದ ಒತ್ತುವ ಶೂ ಸಡಿಲ. ಶೂ ಮೊದಲು ನೋಡಿ, ಸುಲಭದ ಕೆಲಸ: ಚಕ್ರ ಕೈಯಲ್ಲಿ ತಿರುಗಿಸಿದಾಗ ಸಣ್ಣಗೆ ಉಜ್ಜುವಷ್ಟು ಬಿಗಿ ಮಾಡಿ, ಉಜ್ಜು ನಿಲ್ಲುವಷ್ಟು ಮಾತ್ರ ಸಡಿಲಿಸಿ. ಒತ್ತಿ ಹಿಡಿದಾಗ ಪೆಡಲ್ ನಿಧಾನಕ್ಕೆ ಇಳಿದರೆ ಸೋರಿಕೆ. ಹೊರಗೆ ಎಲ್ಲೂ ಹನಿಯಿಲ್ಲದಿದ್ದರೆ, ಪೆಡಲ್ ಒತ್ತಿದಾಗ ಆಯಿಲನ್ನು ಲೈನಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಹೋಗಿದೆ. ಎಷ್ಟು ಪಂಪ್ ಮಾಡಿದರೂ ಅಷ್ಟೇ ಮೆತ್ತಗಿದ್ದರೆ ಹೆಚ್ಚಾಗಿ ಯಾವುದೋ ಭಾಗ ಬಾಗುತ್ತಿದೆ, ಇಲ್ಲವೇ ರಬ್ಬರ್ ಹೋಸ್ ಉಬ್ಬುತ್ತಿದೆ.

ಗಾಳಿಯೇ ಎಂದಾದರೆ ಪ್ಯಾಡ್‌ಗಳಿಂದ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ನೋಡಿ. ಎಡದ್ದು ಬಲಕ್ಕೆ ಹೋಗಿದ್ದರೆ ಗಾಳಿ ಬಿಡುವ ಬ್ಲೀಡ್ ನಿಪ್ಪಲ್ ಕೆಳಗಡೆ ಇರುತ್ತದೆ, ಗಾಳಿ ಅದರ ಮೇಲೆ ಹಾಯಾಗಿ ಕೂತಿರುತ್ತದೆ. ಅದಲುಬದಲು ಮಾಡಿ. ಸಾಧ್ಯವಿಲ್ಲದಿದ್ದರೆ ಕ್ಯಾಲಿಪರ್ ಬಿಚ್ಚಿ, ಪ್ಯಾಡ್‌ಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಮರದ ತುಂಡು ಇಟ್ಟು, ನಿಪ್ಪಲ್ ಮೇಲೆ ಮಾಡಿ ಹಿಡಿದು ಬ್ಲೀಡ್ ಮಾಡಿ. ಪಾರದರ್ಶಕ ಪೈಪಿನ ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ. ಪೆಡಲ್ ನಿಧಾನಕ್ಕೆ ಒತ್ತಿಸಿ, ನಿಪ್ಪಲ್ ಅರ್ಧ ಸುತ್ತು ತೆಗೆಯಿರಿ, ಕಾಲು ಎತ್ತುವ ಮುಂಚೆ ಮುಚ್ಚಿ. ಸಾಸಿವೆ ಕಾಳಿನಷ್ಟು ಗುಳ್ಳೆ ಬರುತ್ತಿರುವವರೆಗೂ ಬಿಡಬೇಡಿ, ಬ್ರೇಕ್ ಆಯಿಲಿನ ಟ್ಯಾಂಕ್ ಬರಿದಾಗಲೂ ಬಿಡಬೇಡಿ. ಎರಡು ಮಾಸ್ಟರ್ ಸಿಲಿಂಡರ್, ಅವುಗಳಿಗೆ ಪೆಡಲಿನ ಬಲ ಹಂಚುವ ಬಯಾಸ್ ಬಾರ್ ಇದ್ದರೆ ಮುಂದಿನ ಒಂದು, ಹಿಂದಿನ ಒಂದು ನಿಪ್ಪಲ್ ಒಟ್ಟಿಗೇ ತೆಗೆಯಬೇಕು. ಒಂದನ್ನೇ ತೆಗೆದರೆ ಬಾರ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಪಿಸ್ಟನ್ ಪೂರ್ತಿ ಓಡುವುದಿಲ್ಲ.

ಮಾಸ್ಟರ್ ಸಿಲಿಂಡರನ್ನು ಕಾರಿನ ನೆಲದ ಮಟ್ಟದಲ್ಲಿ, ಕ್ಯಾಲಿಪರ್‌ಗಿಂತ ಕೆಳಗೆ ಕೂರಿಸಿದ್ದರೆ ಆಯಿಲ್ ಹಿಂದಕ್ಕೆ ಹರಿಯುತ್ತದೆ. ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುವ 2 ಪಿಎಸ್ಐ ರೆಸಿಡ್ಯುಯಲ್ ವಾಲ್ವನ್ನು ಡಿಸ್ಕಿನ ಲೈನಿಗೆ ಹಾಕಿ.

ಗಾಳಿ ಇಲ್ಲದೆಯೂ ಮೆತ್ತಗಿದ್ದರೆ ಮಾಸ್ಟರಿನ ಔಟ್‌ಲೆಟ್‌ಗೆ ಪ್ಲಗ್ ಹಾಕಿ ಒತ್ತಿ. ಕಲ್ಲಿನಂತಿದ್ದರೆ ಮಾಸ್ಟರ್, ಪೆಡಲ್ ಎರಡೂ ಸರಿ, ತೊಂದರೆ ಮುಂದಿದೆ. ಆಗಲೂ ಮೆತ್ತಗಿದ್ದರೆ ಯಾರಿಂದಾದರೂ ಜೋರಾಗಿ ತುಳಿಸಿ, ಮಾಸ್ಟರ್ ಬೋಲ್ಟ್ ಆದ ಶೀಟಿಗೆ ಟಾರ್ಚ್ ಹಿಡಿಯಿರಿ. 6:1 ಪೆಡಲಿನಲ್ಲಿ (ಕಾಲು ಆರು ಪಾಲು ಹೋದರೆ ಮಾಸ್ಟರಿನ ರಾಡ್ ಒಂದು ಪಾಲು ಹೋಗುವ ಪೆಡಲ್) ಶೀಟು 1 ಮಿ.ಮೀ. ಬಾಗಿದರೆ ಕಾಲಿನ ಕೆಳಗೆ 6 ಮಿ.ಮೀ. ಹೋಗುತ್ತದೆ. ದಪ್ಪ ಪ್ಲೇಟು, ಎರಡು ಗಸೆಟ್ (ಮೂಲೆಗೆ ಆಸರೆಯಾಗುವ ತ್ರಿಕೋನ ಪ್ಲೇಟು) ವೆಲ್ಡ್ ಮಾಡಿಸಿ. ಶೀಟು ಅಲುಗದಿದ್ದರೆ ಸೀಲಿನ ಮೇಲೇ ಅನುಮಾನ.

ಮಾಸ್ಟರ್ ಸಿಲಿಂಡರಿನ ಬೋರ್ (ಒಳವ್ಯಾಸ) ಬದಲಿಸುವುದು ಕೊನೆಯ ಮಾತು. 5/8 ಇಂಚಿನಿಂದ 3/4 ಇಂಚಿಗೆ ಹೋದರೆ ಪೆಡಲ್ ಓಟ ಸುಮಾರು ಮೂರನೇ ಒಂದು ಭಾಗ ತಗ್ಗುತ್ತದೆ, ಆದರೆ ಕಾಲಿನ ಬಲ ಒಂದೂವರೆ ಪಟ್ಟಿನ ಹತ್ತಿರ ಬೇಕಾಗುತ್ತದೆ.

ಬ್ರೇಕ್ ಆಯಿಲಿನ ದರ್ಜೆಗಳಲ್ಲಿ ಡಾಟ್ 3, ಡಾಟ್ 4 ಬೆರೆಯುತ್ತವೆ; ಸಿಲಿಕೋನಿನ ಡಾಟ್ 5 ಬೆರೆಸಲೇಬಾರದು. ಚೆಲ್ಲಿದ ಆಯಿಲ್ ಪೇಂಟ್ ತಿನ್ನುತ್ತದೆ, ಕೂಡಲೇ ನೀರು ಹಾಕಿ. ಕೆಲಸ ಮುಗಿದ ಮೇಲೆ 30 ಸೆಕೆಂಡ್ ಗಟ್ಟಿಯಾಗಿ ತುಳಿದು ಹಿಡಿದಿರುವಾಗ ಇನ್ನೊಬ್ಬರು ಪ್ರತಿ ಜಾಯಿಂಟಿಗೂ ಟಿಶ್ಯೂ ಕಾಗದ ಒತ್ತಿ ನೋಡಲಿ. ಕಾಗದ ಒದ್ದೆಯಾದರೆ ಗಾಡಿ ಅಲುಗಿಸಬೇಡಿ.