ಶಾಲೆಗೆ ವೆಬ್‌ಸೈಟ್: ಮೊದಲು ಫೋನಿನ ಪಕ್ಕ ಒಂದು ನೋಟ್‌ಬುಕ್ ಇಡಿ

ಜುಲೈ ತಿಂಗಳು, ರಾತ್ರಿ ಒಂಬತ್ತೂವರೆ. ಹೊರಗೆ ಮಳೆ ಬಿಡುವ ಲಕ್ಷಣ ಇಲ್ಲ. ಜಿಲ್ಲಾಧಿಕಾರಿಯ ಸಹಿ ಇರುವ ರಜೆ ಆದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇವತ್ತಿನದೋ ಹೋದ ವರ್ಷದ್ದೋ ಗೊತ್ತಾಗುತ್ತಿಲ್ಲ. ಒಬ್ಬ ತಾಯಿ ಶಾಲೆಯ ವೆಬ್‌ಸೈಟ್ ತೆಗೆದು ನೋಡುತ್ತಾರೆ. ಮೊದಲು ಕಟ್ಟಡದ ಫೋಟೊ ನಿಧಾನಕ್ಕೆ ಇಳಿಯುತ್ತದೆ. ಆಮೇಲೆ ಅಧ್ಯಕ್ಷರ ಸಂದೇಶ. ಅದರ ಕೆಳಗೆ ನಮ್ಮ ಧ್ಯೇಯ, ನಮ್ಮ ಗುರಿ. ನಾಳೆ ಶಾಲೆ ಇದೆಯಾ ಇಲ್ವಾ, ಅದೊಂದು ಮಾತ್ರ ಎಲ್ಲೂ ಇಲ್ಲ.

ಹಳೇ ವಿದ್ಯಾರ್ಥಿ ಅನ್ನುವ ಒಂದೇ ಕಾರಣಕ್ಕೆ ಒಂದು ಹೈಸ್ಕೂಲಿನ ವೆಬ್‌ಸೈಟ್ ಕೆಲಸ ನನ್ನ ತಲೆಗೆ ಬಂದಾಗ ನಾನು ಮೊದಲು ಮಾಡಿದ್ದೂ ಇಂಥದ್ದನ್ನೇ. ಎರಡನೇ ಸಲ ಮಾಡುವಾಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಒಂದು ವಾರ ಸುಮ್ನೆ ಕೇಳಿಸಿಕೊಳ್ಳಿ

ಕಂಪ್ಯೂಟರ್ ಮುಟ್ಟುವ ಮೊದಲು ಶಾಲೆಯ ಆಫೀಸಿನ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಫೋನ್ ಮಾಡಿದವರು, ಕಿಟಕಿ ಹತ್ರ ಬಂದು ನಿಂತವರು ಏನು ಕೇಳಿದರು ಅನ್ನುವುದನ್ನು ಗುಮಾಸ್ತರು ಒಂದೊಂದು ಸಾಲು ಬರೆದಿಡಲಿ. ನಮ್ಮ ಪುಸ್ತಕದಲ್ಲಿ ಸಿಕ್ಕಿದ್ದು ಇವು: ನಾಳೆ ರಜೆಯಾ? ಟಿಸಿಗೆ ಏನೇನು ತರಬೇಕು? ಎಂಟನೇ ಕ್ಲಾಸಿಗೆ ಸೀಟು ಇದೆಯಾ? ಫೀಸು ಎಷ್ಟು? ಶನಿವಾರ ಎಷ್ಟು ಗಂಟೆಗೆ ಬಿಡ್ತೀರಿ? ದಸರಾ ರಜೆ ಯಾವತ್ತಿಂದ? ಶಾಲೆಯ ಇತಿಹಾಸ ಕೇಳಿ ಒಬ್ಬರೂ ಫೋನ್ ಮಾಡಿರಲಿಲ್ಲ.

ಈ ಪಟ್ಟಿಯೇ ನಿಮ್ಮ ಮುಖಪುಟ. ಜಾಸ್ತಿ ಸಲ ಬಂದ ಪ್ರಶ್ನೆಗೆ ಉತ್ತರ ಎಲ್ಲಕ್ಕಿಂತ ಮೇಲೆ, ಬೆರಳು ಎಳೆಯದೆಯೇ ಕಾಣಬೇಕು. ನಾವು ಎಲ್ಲಕ್ಕಿಂತ ಮೇಲೆ ಒಂದೇ ಸಾಲಿನ ಬಣ್ಣದ ಪಟ್ಟಿ ಇಟ್ಟೆವು: 'ನಾಳೆ, ಬುಧವಾರ, ಶಾಲೆ ಎಂದಿನಂತೆ ಇರುತ್ತದೆ.' ಪಕ್ಕದಲ್ಲಿ ಅದನ್ನು ಹಾಕಿದ ದಿನ, ಗಂಟೆ. ಇದನ್ನು ಬದಲಾಯಿಸುವುದು ಮುಖ್ಯೋಪಾಧ್ಯಾಯರ ಫೋನಿನಿಂದ ಒಂದು ನಿಮಿಷದ ಕೆಲಸ ಆಗಿರಬೇಕು. ಇಲ್ಲದಿದ್ದರೆ ಮೂರನೇ ವಾರಕ್ಕೆ ನಿಂತುಹೋಗುತ್ತದೆ. ದಿನಾಂಕ ಇಲ್ಲದ ಸೂಚನೆ ಇದ್ದೂ ಇಲ್ಲದ ಹಾಗೆ.

ಅಧ್ಯಕ್ಷರ ಸಂದೇಶ ಬೇಡವೇ? ಬೇಡ ಅಂದರೆ ನಿಮಗೆ ಕೆಲಸವೇ ಸಿಗದು. 'ನಮ್ಮ ಬಗ್ಗೆ' ಅನ್ನುವ ಪುಟ ಮಾಡಿ, ಗೌರವವಾಗಿ ಅಲ್ಲಿ ಇಡಿ.

ಎಷ್ಟು ಪುಟ, ಎಲ್ಲಿ ಕಟ್ಟುವುದು

ಐದು ಸಾಕು: ಮುಖಪುಟ, ದಾಖಲಾತಿ, ವೇಳಾಪಟ್ಟಿ ಮತ್ತು ರಜೆಗಳು, ನಮ್ಮ ಬಗ್ಗೆ, ಸಂಪರ್ಕ. ಸಿಬಿಎಸ್‌ಇ ಶಾಲೆಯಾದರೆ ಇನ್ನೊಂದು ಬೇಕು. ಮಾನ್ಯತೆ ಪತ್ರ, ಶಿಕ್ಷಕರ ಸಂಖ್ಯೆ, ಕಟ್ಟಡ ಸುರಕ್ಷತೆಯ ದಾಖಲೆಗಳನ್ನು ಎಲ್ಲರಿಗೂ ಕಾಣುವ ಹಾಗೆ ವೆಬ್‌ಸೈಟಿನಲ್ಲಿ ಹಾಕುವುದನ್ನು ಆ ಮಂಡಳಿ ಕಡ್ಡಾಯ ಮಾಡಿದೆ.

ಸಣ್ಣ ಶಾಲೆಗೆ ವೆಬ್‌ಸೈಟ್ ಕಟ್ಟಲು ಗೂಗಲ್ ಸೈಟ್ಸ್ ಅನ್ನುವ ಸಾಧನ ಸಾಕು ಅನ್ನುವುದು ನನ್ನ ಅಭಿಪ್ರಾಯ. ಕಾಸು ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ, ಫೋನಿಗೆ ತಾನಾಗಿ ಹೊಂದಿಕೊಳ್ಳುತ್ತದೆ. ವೆಬ್‌ಸೈಟ್ ಕಟ್ಟುವ ಇನ್ನೊಂದು ಸಾಧನ ವರ್ಡ್‌ಪ್ರೆಸ್‌ನಲ್ಲಿ ಇನ್ನೂ ಏನೇನೋ ಮಾಡಬಹುದು ನಿಜ. ಆದರೆ ಅದಕ್ಕೆ ಆಗಾಗ ಅಪ್‌ಡೇಟ್ ಮಾಡುವವರು ಬೇಕು. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಯಾರೋ ಒಳನುಗ್ಗುತ್ತಾರೆ.

ವೆಬ್ ವಿಳಾಸಕ್ಕೆ 'ಡಾಟ್ ಇನ್' ತೆಗೆದುಕೊಳ್ಳಬಹುದು. 'ಡಾಟ್ ಎಜು ಡಾಟ್ ಇನ್' ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಅದನ್ನು ಕೊಡುವುದು ಅರ್ನೆಟ್ ಇಂಡಿಯಾ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆ, ಶಾಲೆಯ ದಾಖಲೆ ತೋರಿಸಬೇಕು. ಪೂರ್ತಿ ಕನ್ನಡದಲ್ಲೇ 'ಡಾಟ್ ಭಾರತ' ವಿಳಾಸವೂ ಸಿಗುತ್ತದೆ. ಕೇಳೋದಕ್ಕೆ ಚೆಂದ. ಆದರೆ ವಿಳಾಸ ಹೊಡೆಯುವಾಗ ಜನರ ಬೆರಳು ಇಂಗ್ಲಿಷ್ ಕೀಬೋರ್ಡಿನ ಮೇಲೇ ಇರುತ್ತದಲ್ವಾ?

ಕನ್ನಡ ಕನ್ನಡವಾಗಿ ಕಾಣಲಿ

ನಾನು ಪೆಟ್ಟು ತಿಂದದ್ದು ಇಲ್ಲೇ. ಆಫೀಸಿನಲ್ಲಿ ವರ್ಷಾನುಗಟ್ಟಲೆ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಸೂಚನೆಗಳಿದ್ದವು. ಅವನ್ನು ಹಾಗೇ ಕಾಪಿ ಮಾಡಿ ಪುಟಕ್ಕೆ ಅಂಟಿಸಿದೆ. ನನ್ನ ಕಂಪ್ಯೂಟರಿನಲ್ಲಿ ಎಲ್ಲ ಸರಿ. ಆ ಫಾಂಟು ಇತ್ತಲ್ಲ! ಬೇರೆಯವರ ಫೋನಿನಲ್ಲಿ 'ಶಾಲೆ' ಎಂದಿದ್ದಲ್ಲಿ ಒಂದು ಪ್ಲಸ್-ಮೈನಸ್ ಗುರುತು, ತಲೆ ಮೇಲೆ ಗೀಟು ಬಿದ್ದ ಇಂಗ್ಲಿಷ್ ಎ, ಒಂದು ಅಡ್ಡಗೆರೆ, ಗೀಟಿನ ಟೋಪಿ ಹಾಕಿದ ಇಂಗ್ಲಿಷ್ ಇ. ಹಳೇ ವಿಧಾನದಲ್ಲಿ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ, ಅಷ್ಟೆ. ವೇಷ ಕಳಚಿದರೆ ಈ ಗತಿ. ಯುನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. ಹಾಗಾಗಿ ಎಲ್ಲಿ ತೆರೆದರೂ ಕನ್ನಡವೇ, ಹುಡುಕಿದರೂ ಸಿಗುತ್ತದೆ. ಹಳೆಯದನ್ನು ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಒಮ್ಮೆ ಓದಿ. ಅರ್ಕಾವೊತ್ತು, ಅಂಕಿಗಳು ಎಡವಟ್ಟಾಗುವುದುಂಟು.

ಫಾಂಟಿಗೆ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ಉಚಿತ, ಎರಡೂ ಚೆನ್ನಾಗಿವೆ. ಒಂದನ್ನು ಆರಿಸಿಕೊಂಡು ಎಲ್ಲ ಕಡೆ ಅದನ್ನೇ ಬಳಸಿ. ಅಕ್ಷರದ ಗಾತ್ರ 16ಕ್ಕಿಂತ ಕಡಿಮೆ ಬೇಡ, 18 ಇದ್ದರೆ ಅಜ್ಜಿಗೂ ಓದಲು ಆದೀತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ನಮಗೆ ಸಾಲದು. 'ಸ್ವಾತಂತ್ರ್ಯ' ಎಂದು ಬರೆದು ಅದರ ಕೆಳಗಿನ ಸಾಲಿನಲ್ಲಿ 'ಕೀರ್ತಿ' ಬಂದರೆ ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ಗುದ್ದುತ್ತದೆ. ಅಂತರವನ್ನು 1.6ಕ್ಕೆ ಏರಿಸಿ, ಉಸಿರಾಡಲು ಜಾಗ ಸಿಗುತ್ತದೆ. ಅಕ್ಷರವನ್ನು ಓರೆ ಮಾಡುವುದು ಮಾತ್ರ ಬೇಡ. ದುಂಡು ಅಕ್ಷರ ಓರೆಯಾದರೆ ಗಾಳಿಗೆ ವಾಲಿದ ಚಪ್ಪರದ ಹಾಗೆ ಕಾಣುತ್ತದೆ.

ಹಳದಿ ಮೇಲೆ ಬಿಳಿ, ಕೆಂಪು ಮೇಲೆ ನೀಲಿ ಅಕ್ಷರವೂ ಬೇಡ. ಅಕ್ಷರ ಮತ್ತು ಹಿನ್ನೆಲೆ ಬಣ್ಣಗಳ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು ಅನ್ನುತ್ತದೆ ವೆಬ್ ಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿ. ಅದನ್ನು ಅಳೆಯುವ ಉಚಿತ ಪುಟಗಳಿವೆ. ಅಷ್ಟು ಕಷ್ಟ ಬೇಡ ಎಂದರೆ ಫೋನ್ ಹಿಡಿದು ಮಧ್ಯಾಹ್ನ ಮೈದಾನದಲ್ಲಿ ನಿಂತು ಓದಿ. ಅಡ್ಡಡ್ಡ ಓಡುವ ಸಾಲು, ಮಿಣುಕುವ 'ಹೊಸದು' ನಕ್ಷತ್ರ, ಎಷ್ಟು ಜನ ಬಂದರು ಎಂಬ ಲೆಕ್ಕದ ಡಬ್ಬಿ, ಈ ಮೂರನ್ನೂ ತೆಗೆದುಹಾಕಿ.

ಇನ್ನೊಂದು ಚಾಳಿ: ಸುತ್ತೋಲೆಯನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿ ಕೈತೊಳೆದುಕೊಳ್ಳುವುದು. ಪಿಡಿಎಫ್ ಇರಲಿ. ಆದರೆ ಅದರ ಮೇಲೆ ಎರಡು ಸಾಲು ಟೈಪ್ ಮಾಡಿ: ಯಾರಿಗೆ, ಯಾವ ದಿನದೊಳಗೆ, ಏನು ಮಾಡಬೇಕು. ಕಣ್ಣು ಕಾಣದವರ ಫೋನಿನ ಟಾಕ್‌ಬ್ಯಾಕ್ ಪಠ್ಯವನ್ನು ಓದಿ ಹೇಳುತ್ತದೆ. ಸ್ಕ್ಯಾನ್ ಮಾಡಿದ ಚಿತ್ರದ ಮುಂದೆ ತಡವರಿಸುತ್ತದೆ.

ಫೋಟೊ ಹಾಕುವ ಮುಂಚೆ

ವಾರ್ಷಿಕೋತ್ಸವದ 20 ಫೋಟೊ, ಒಂದೊಂದು 4 ಎಂಬಿ. ಒಟ್ಟು 80 ಎಂಬಿ. ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವ ಊರಿನಲ್ಲಿ ಇದು ಇಳಿಯುವಷ್ಟರಲ್ಲಿ ಮುಂದಿನ ವಾರ್ಷಿಕೋತ್ಸವ ಬಂದಿರುತ್ತದೆ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ಒಂದೊಂದು 200 ಕೆಬಿ ಒಳಗೆ ಬರುವಂತೆ ಕುಗ್ಗಿಸಿ. 20 ಸೇರಿ 4 ಎಂಬಿ ದಾಟುವುದಿಲ್ಲ.

ಇದಕ್ಕಿಂತ ಮುಖ್ಯ, ಫೋಟೊದಲ್ಲಿ ಯಾರಿದ್ದಾರೆ ಅನ್ನುವುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ ಅದು. ದಾಖಲಾತಿ ಅರ್ಜಿಯ ಜೊತೆಗೇ ಒಂದು ಒಪ್ಪಿಗೆ ಪತ್ರ ಇಡಿ. ಬೇಡ ಅಂದವರ ಮಗುವಿನ ಫೋಟೊ ಹಾಕಬೇಡಿ, ಕಾರಣ ಕೇಳಲೂ ಹೋಗಬೇಡಿ. ಗುಂಪಿನ ಫೋಟೊ ಸಾಕು. ಮುಖದ ಕೆಳಗೆ ಹೆಸರು, ತರಗತಿ, ವಿಭಾಗ, ಊರು ಎಲ್ಲ ಸೇರಿಸಿ ಬರೆಯುವ ಅಭ್ಯಾಸ ಬಿಡಿ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಕೈ ಕಡಿಯುತ್ತದೆ, ಗೊತ್ತು. ಮೊದಲ ಮೂವರ ಹೆಸರನ್ನು ಮನೆಯವರನ್ನು ಕೇಳಿ ಹಾಕಿ. ಉಳಿದಂತೆ ಶೇಕಡಾವಾರು ಫಲಿತಾಂಶ ಸಾಕು. ಫೇಲಾದವರ ಹೆಸರು ಇರುವ ಪೂರ್ತಿ ಪಟ್ಟಿ ಬೇಡ. ಒಂದು ಶಾಲೆಯ ಪುಟದಲ್ಲಿ ವಿದ್ಯಾರ್ಥಿವೇತನದ ಪಟ್ಟಿ ನೋಡಿ ಗಾಬರಿಯಾಗಿದ್ದೆ: ಹೆಸರು, ಜಾತಿ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವೂ ಸಾಲಾಗಿ. ಹಾಕಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ನೋಟಿಸ್ ಬೋರ್ಡಿಗೆ ಅಂಟಿಸಿದ್ದನ್ನೇ ವೆಬ್‌ಸೈಟಿಗೂ ಅಂಟಿಸಿದ್ದರು. ಬೋರ್ಡು ನೋಡುವವರು ಊರಿನವರು, ಇದನ್ನು ನೋಡುವವರು ಯಾರೋ ಏನೋ.

ಸಂಪರ್ಕ ಪುಟದಲ್ಲಿ ಆಫೀಸಿನ ನಂಬರು ಒತ್ತಿದರೆ ಕರೆ ಹೋಗಬೇಕು. ಕೆಳಗೆ ಮಕ್ಕಳ ಸಹಾಯವಾಣಿ 1098 ಇರಲಿ.

ಪಾಸ್‌ವರ್ಡ್ ಯಾರ ಹತ್ರ?

ಕಂಪ್ಯೂಟರ್ ಗೊತ್ತಿರುವ ಮೇಷ್ಟ್ರು ತಮ್ಮ ಸ್ವಂತ ಜಿಮೇಲ್‌ನಲ್ಲಿ ಸೈಟ್ ಮಾಡುತ್ತಾರೆ. ಎರಡು ವರ್ಷಕ್ಕೆ ಅವರಿಗೆ ವರ್ಗಾವಣೆ. ಮೇಷ್ಟ್ರ ಜೊತೆ ಪಾಸ್‌ವರ್ಡೂ ಬಸ್ಸು ಹತ್ತುತ್ತದೆ. ಶಾಲೆಯ ಹೆಸರಿನಲ್ಲೇ ಒಂದು ಇಮೇಲ್ ಮಾಡಿ. ಪಾಸ್‌ವರ್ಡ್ ಬರೆದ ಲಕೋಟೆಯನ್ನು ಮುಖ್ಯೋಪಾಧ್ಯಾಯರ ಬೀರುವಿನಲ್ಲಿಟ್ಟು, ಬೀರು ಕೀಲಿಯಂತೆ ಅದನ್ನೂ ಚಾರ್ಜ್ ಪಟ್ಟಿಯಲ್ಲಿ ಸೇರಿಸಿ. ವೆಬ್ ವಿಳಾಸ ನವೀಕರಿಸುವ ದಿನವನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಶಾಲೆಯ ಅವಧಿ ಮುಗಿದ ವೆಬ್ ವಿಳಾಸವನ್ನು ಬೇರೆಯವರು ಕೊಂಡು ಜೂಜಿನ ಜಾಹೀರಾತು ಹಾಕಿದರೆ ಮರಳಿ ಪಡೆಯುವುದು ತಲೆನೋವು.

ಬಿಸಿಯೂಟದ ಅಕ್ಕನ ಕೈಗೆ ಕೊಡಿ

ಎಲ್ಲ ಮುಗಿಯಿತು ಅನ್ನಿಸಿದಾಗ ಕಂಪ್ಯೂಟರ್ ಗೊತ್ತಿರುವವರನ್ನು ಕೇಳಬೇಡಿ. ನಾನು ಬಿಸಿಯೂಟದ ಅಕ್ಕನನ್ನು ಕೇಳಿದೆ. ಅವರ ಮಗಳೂ ಅದೇ ಶಾಲೆ. 'ಅಕ್ಕಾ, ನಾಳೆ ಶಾಲೆ ಇದೆಯಾ ಅಂತ ನಿಮ್ಮ ಫೋನಲ್ಲಿ ನೋಡಿ ಹೇಳ್ತೀರಾ?' ಅಂದೆ. ಈ ಪರೀಕ್ಷೆಗೆ ಒಂದೇ ನಿಯಮ: ನೀವು ಬಾಯಿ ಬಿಡಬಾರದು. ಅವರು ಕೈ ಒರೆಸಿಕೊಂಡು ಫೋನ್ ತೆಗೆದರು. ಮೇಲಿನ ಪಟ್ಟಿಯನ್ನು ದಾಟಿ ಹೋಗಿ ಕಟ್ಟಡದ ಫೋಟೊವನ್ನು ಒತ್ತಿದರು. ಮತ್ತೆ ಒತ್ತಿದರು. ನನಗೆ ನಾಲಿಗೆ ತುರಿಸುತ್ತಿತ್ತು. ಕೊನೆಗೆ, 'ಮೇಲೆ ಏನೋ ಇತ್ತು, ಅಡ್ವಟೈಸು ಅಂದ್ಕೊಂಡೆ' ಅಂದರು.

ಪಟ್ಟಿಯ ಕಿತ್ತಳೆ ಬಣ್ಣ ತೆಗೆದು ಬೋರ್ಡಿನ ಹಾಗೆ ಕಪ್ಪು ಹಿನ್ನೆಲೆ, ಬಿಳಿ ಅಕ್ಷರ ಮಾಡಿದೆ. ಫೋಟೊವನ್ನು 'ನಮ್ಮ ಬಗ್ಗೆ' ಪುಟಕ್ಕೆ ಕಳಿಸಿದೆ. ಮಾರನೇ ದಿನ ಇನ್ನೊಬ್ಬ ಅಕ್ಕನ ಹತ್ರ ಹೋದೆ.