ಕ್ಯಾಟಲಾಗ್ ತಿದ್ದುತ್ತಾ ಓಪನ್‌ರಿಫೈನ್ ಕಲಿತ ಬಗೆ

ಗ್ರಂಥಾಲಯದ ಸೂಚೀಕರಣ ವಿಭಾಗದಲ್ಲಿರುವ ನಮಗೆ ಹೊಸ ತಂತ್ರಾಂಶಗಳಿಗೇನೂ ಬರವಿಲ್ಲ. ಅವುಗಳನ್ನು ಎಲ್ಲಿಂದ ಹಿಡಿದು ಕಲಿಯಬೇಕು ಎಂಬುದೇ ಕಷ್ಟ. ಮೆನುಗಳನ್ನೆಲ್ಲ ಓದಿ ಮುಗಿಸಿ ಆಮೇಲೆ ಕೆಲಸ ಹುಡುಕುವ ಬದಲು, ಕೈಯಲ್ಲಿರುವ ಒಂದು ಕೆಲಸವನ್ನು ಮುಂದಿಟ್ಟುಕೊಂಡು ಅದಕ್ಕೆ ಬೇಕಾದಷ್ಟನ್ನು ಮಾತ್ರ ಕಲಿಯುತ್ತ ಹೋಗಲು ನಾನು ತೀರ್ಮಾನಿಸಿದೆ. ಪುಸ್ತಕ ಕಪಾಟಿನಲ್ಲಿದ್ದರೂ ಆನ್‌ಲೈನ್ ಕ್ಯಾಟಲಾಗಿನಲ್ಲಿ ಹುಡುಕಿದಾಗ ಸಿಗದಿದ್ದ ಕನ್ನಡ ದಾಖಲೆಗಳನ್ನು ಸರಿಪಡಿಸುವುದೇ ಆ ಕೆಲಸವಾಗಿತ್ತು. ಓದುಗರು ಕೇಳಿದ ಪುಸ್ತಕ ನಮ್ಮಲ್ಲಿಯೇ ಇದ್ದೂ ‘ಇಲ್ಲ’ ಎಂಬ ಉತ್ತರ ಪಡೆದು ಮರಳುವುದನ್ನು ಸಣ್ಣ ತೊಂದರೆ ಎಂದು ನಾನು ಎಂದಿಗೂ ಭಾವಿಸಲಾರೆ.

ಗ್ರಂಥಾಲಯದ ಕ್ಯಾಟಲಾಗನ್ನು ನಿರ್ವಹಿಸಲು ನಾವು ಬಳಸುವ ಕೋಹಾ, 2000ದ ಜನವರಿಯಲ್ಲಿ ನ್ಯೂಜಿಲೆಂಡಿನ ಗ್ರಂಥಾಲಯವೊಂದರಲ್ಲಿ ಮೊದಲು ಬಳಕೆಗೆ ಬಂದ ಮುಕ್ತ ತಂತ್ರಾಂಶ. ಅದನ್ನು ಕಲಿಯುವುದು ನನಗೆ ಕಷ್ಟವಾಗಲಿಲ್ಲ, ಏಕೆಂದರೆ ಅದರ ಒಳಗಿರುವುದು ಸೂಚೀಕರಣಕಾರರಿಗೆಲ್ಲ ಪರಿಚಿತವಾದ, ಪುಸ್ತಕದ ವಿವರಗಳನ್ನು ಸಂಖ್ಯೆಯುಳ್ಳ ಕ್ಷೇತ್ರಗಳಲ್ಲಿ ಬರೆದಿಡುವ ಮಾರ್ಕ್ ದಾಖಲೆಯೇ: 100ರಲ್ಲಿ ಲೇಖಕರು, 245ರಲ್ಲಿ ಶೀರ್ಷಿಕೆ, 020ರಲ್ಲಿ ಪುಸ್ತಕದ ಗುರುತು ಸಂಖ್ಯೆಯಾದ ಐಎಸ್‌ಬಿಎನ್. ಗ್ರಂಥಾಲಯಗಳ ಕಂಪ್ಯೂಟರುಗಳು ಪರಸ್ಪರ ದಾಖಲೆ ಹುಡುಕಲು ಬಳಸುವ ಜೆಡ್39.50 ಎಂಬ ನಿಯಮಾವಳಿಯ ಮೂಲಕ ಐಎಸ್‌ಬಿಎನ್ ಕೊಟ್ಟು ಬೇರೆ ಗ್ರಂಥಾಲಯಗಳ ದಾಖಲೆಯನ್ನು ತರಿಸಿಕೊಳ್ಳುವುದೂ ಬೇಗ ಕೈಗೆ ಹತ್ತಿತು. ಆದರೆ 1970ಕ್ಕಿಂತ ಹಿಂದಿನ ಕನ್ನಡ ಪುಸ್ತಕಗಳಿಗೆ ಆ ಸಂಖ್ಯೆಯೇ ಇಲ್ಲದ್ದರಿಂದ ಅವುಗಳ ದಾಖಲೆಗಳನ್ನು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೀಲಿಮಣೆ ವಿನ್ಯಾಸಗಳಲ್ಲಿ, ಹಲವರು ಕೈಯಿಂದಲೇ ಬೆರಳಚ್ಚು ಮಾಡಿದ್ದರು. ತೊಡಕೆಲ್ಲ ಇದ್ದದ್ದು ಅಲ್ಲಿ.

ಇದಕ್ಕೆಂದು ನಾನು ಆರಿಸಿಕೊಂಡದ್ದು, ದೊಡ್ಡ ಪಟ್ಟಿಗಳಲ್ಲಿನ ತಪ್ಪುಗಳನ್ನು ಹುಡುಕಿ ತಿದ್ದುವ ಸಾಧನವಾದ ಓಪನ್‌ರಿಫೈನ್. ಅದು ಬ್ರೌಸರಿನಲ್ಲಿ ತೆರೆದುಕೊಂಡರೂ ನಮ್ಮ ಕಂಪ್ಯೂಟರಿನಲ್ಲಿಯೇ ನಡೆಯುವುದರಿಂದ ದಾಖಲೆಗಳು ಹೊರಗೆ ಹೋಗುವುದಿಲ್ಲ. ಲೈಬ್ರರಿ ಕಾರ್ಪೆಂಟ್ರಿ ಎಂಬ ತರಬೇತಿ ಸಮುದಾಯದವರು ಗ್ರಂಥಾಲಯ ಸಿಬ್ಬಂದಿಗಾಗಿಯೇ ಸಿದ್ಧಪಡಿಸಿ ಉಚಿತವಾಗಿ ಇಟ್ಟಿರುವ ಪಾಠವನ್ನು ಅನುಸರಿಸಿ ಮೊದಲ ಹೆಜ್ಜೆಗಳನ್ನು ಕಲಿತೆ. ಆಮೇಲೆ ಕೋಹಾದಿಂದ ಮಾರ್ಕ್ ಕಡತವನ್ನು ಹೊರತೆಗೆದು, ಮಾರ್ಕ್‌ಎಡಿಟ್ ತಂತ್ರಾಂಶದ ಮೂಲಕ ಓಪನ್‌ರಿಫೈನಿಗೆ ಒಗ್ಗುವ ರೂಪಕ್ಕೆ ಬದಲಿಸಿ, ಆ ಪ್ರತಿಯ ಮೇಲೆಯೇ ಅಭ್ಯಾಸ ಮಾಡಿದೆ. ಮೂಲ ದಾಖಲೆ ಮುಟ್ಟದೆ ಉಳಿದಿದೆ ಎಂಬ ಧೈರ್ಯವಿಲ್ಲದೆ ಯಾವುದನ್ನೂ ನಿರಾತಂಕವಾಗಿ ಕಲಿಯಲು ಸಾಧ್ಯವಿಲ್ಲವೆಂದು ನನ್ನ ನಂಬಿಕೆ.

ಮೊದಲು ಎತ್ತಿಕೊಂಡದ್ದು ‘ಸಂಗೀತ’ ಎಂಬ ಪದವನ್ನು. ಶೀರ್ಷಿಕೆಯಲ್ಲಿ ಆ ಪದವಿರುವ ಕೆಲವು ಪುಸ್ತಕಗಳು ಹುಡುಕಾಟದಲ್ಲಿ ಬರುತ್ತಿದ್ದವು, ಕೆಲವು ಬರುತ್ತಿರಲಿಲ್ಲ. ಪರದೆಯ ಮೇಲೆ ಎರಡರ ಅಕ್ಷರಗಳೂ ಒಂದೇ ರೀತಿ ಕಾಣುತ್ತಿದ್ದವು. ಓಪನ್‌ರಿಫೈನಿನಲ್ಲಿ ಪ್ರತಿ ಅಕ್ಷರದ ಯೂನಿಕೋಡ್ ಸಂಖ್ಯೆಯನ್ನು ತೋರಿಸುವ ಒಂದು ಸೂತ್ರವಿದೆ. ಅದನ್ನು ಶೀರ್ಷಿಕೆಗಳ ಕಂಬಸಾಲಿನ ಮೇಲೆ ನಡೆಸಿದಾಗ, ಸಿಗುವ ದಾಖಲೆಗಳಲ್ಲಿ ‘ಸ’ ಅಕ್ಷರದ ನಂತರ 3202 ಎಂದೂ, ಸಿಗದವುಗಳಲ್ಲಿ 3302 ಎಂದೂ ಬಂದಿತು. ಮೊದಲನೆಯದು ಅನುಸ್ವಾರ, ಎರಡನೆಯದು ಕನ್ನಡದ ಅಂಕಿ ಸೊನ್ನೆ. ಬೆರಳಚ್ಚು ಮಾಡಿದವರ ಕಣ್ಣಿಗೆ ಎರಡೂ ಒಂದೇ ವೃತ್ತ. ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ. ಸೊನ್ನೆಗಳನ್ನೆಲ್ಲ ಒಂದೇ ಏಟಿಗೆ ಅನುಸ್ವಾರ ಮಾಡಿಬಿಡುವುದು ಸುಲಭವೆಂದು ತೋರಬಹುದು, ಆದರೆ ಹಾಗೆ ಮಾಡಿದರೆ ಕನ್ನಡ ಅಂಕಿಗಳಲ್ಲಿ ಬರೆದಿರುವ ೧೯೭೦ರಂತಹ ವರ್ಷಗಳು ಕೆಡುತ್ತವೆ. ಆದ್ದರಿಂದ ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಮಾತ್ರ ಬದಲಿಸಬೇಕು, ಅಂಕಿಯಿದ್ದರೆ ಹಾಗೆಯೇ ಬಿಡಬೇಕು ಎಂಬ ನಿಯಮವನ್ನು ಬರೆದು, ಬದಲಾಗಲಿರುವ ಶೀರ್ಷಿಕೆಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿದ ಮೇಲೆಯೇ ಅದನ್ನು ಅನ್ವಯಿಸಿದೆ. ಸೂತ್ರ ಬರೆಯುವುದನ್ನು ನಾನು ನಿಜವಾಗಿ ಕಲಿತದ್ದು ಈ ಒಂದು ಸೊನ್ನೆಯ ನೆಪದಲ್ಲಿ.

ಲೇಖಕರ ಹೆಸರುಗಳು ಇನ್ನೂ ಸೂಕ್ಷ್ಮ. ಓಪನ್‌ರಿಫೈನಿನ ‘ಕ್ಲಸ್ಟರ್’ ಸೌಲಭ್ಯವು ಒಂದೇ ಇರಬಹುದಾದ ಹೆಸರುಗಳನ್ನು ಗುಂಪು ಮಾಡಿ ತೋರಿಸುತ್ತದೆ. ಅದರ ಫಿಂಗರ್‌ಪ್ರಿಂಟ್ ವಿಧಾನವು ವಿರಾಮ ಚಿಹ್ನೆಗಳನ್ನು ತೆಗೆದು, ಹೆಸರಿನ ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಹೋಲಿಸುವುದರಿಂದ ‘ಪುಟ್ಟಪ್ಪ, ಕೆ.ವಿ.’ ಮತ್ತು ‘ಕೆ.ವಿ. ಪುಟ್ಟಪ್ಪ’ ತಾವಾಗಿಯೇ ಒಂದಾಗುತ್ತವೆ. ಆದರೆ ಇನಿಷಿಯಲ್‌ಗಳ ನಡುವೆ ಜಾಗ ಬಿಟ್ಟು ‘ಕೆ ವಿ ಪುಟ್ಟಪ್ಪ’ ಎಂದು ಬರೆದಿದ್ದರೆ ಅದು ಹೊರಗುಳಿಯುತ್ತದೆ. ಅದಕ್ಕೆ ಜಾಗಗಳನ್ನೂ ಲೆಕ್ಕಿಸದ ಎನ್-ಗ್ರಾಮ್ ವಿಧಾನ ಬೇಕು. ಅಕ್ಷರಗಳ ಅಂತರವನ್ನು ಅಳೆಯುವ ಇನ್ನೊಂದು ವಿಧಾನದಲ್ಲಿ ಮಿತಿಯನ್ನು ಸ್ವಲ್ಪ ಸಡಿಲಿಸಿದರೂ ಸಾಕು, ನಂಜುಂಡಪ್ಪನವರೂ ನಂಜುಂಡಯ್ಯನವರೂ ಒಂದೇ ಗುಂಪಿಗೆ ಬಂದುಬಿಡುತ್ತಾರೆ. ಸಾಧನ ಹೋಲಿಕೆಯನ್ನಷ್ಟೇ ತೋರಿಸಬಲ್ಲದು. ಇವರಿಬ್ಬರೂ ಒಬ್ಬರೇ, ಬೇರೆಯೇ ಎಂದು ಹೇಳಬೇಕಾದವರು ಸೂಚೀಕರಣಕಾರರು. ಸಂದೇಹ ಬಂದಾಗಲೆಲ್ಲ ನಾನು ಪುಸ್ತಕವನ್ನೇ ತರಿಸಿ ಶೀರ್ಷಿಕೆ ಪುಟವನ್ನು ನೋಡಿದ್ದೇನೆ, ಮತ್ತು ಹಾಗೆ ಹೋದ ಸಮಯ ವ್ಯರ್ಥವೆಂದು ನನಗೆ ಅನಿಸಿಲ್ಲ.

ಕಾವ್ಯನಾಮಗಳ ವಿಷಯದಲ್ಲಂತೂ ಅಕ್ಷರಗಳ ಯಾವ ಲೆಕ್ಕಾಚಾರವೂ ನೆರವಿಗೆ ಬರುವುದಿಲ್ಲ. ಕುವೆಂಪು ಎಂಬ ಹೆಸರಿಗೂ ಕೆ.ವಿ. ಪುಟ್ಟಪ್ಪ ಎಂಬ ಹೆಸರಿಗೂ ಬರಹದಲ್ಲಿ ಹೋಲಿಕೆಯೇ ಕಡಿಮೆ. ಇಂತಹ ಕಡೆ ಕೋಹಾದಲ್ಲಿ ಒಬ್ಬ ಲೇಖಕರ ಎಲ್ಲ ಹೆಸರುಗಳನ್ನೂ ಒಂದೆಡೆ ಇಡುವ ಪ್ರಾಧಿಕಾರ ದಾಖಲೆಯನ್ನು ತೆರೆದು, ಸ್ವೀಕೃತ ಹೆಸರನ್ನು 100ರಲ್ಲಿಯೂ ಉಳಿದ ರೂಪಗಳನ್ನು 400ರಲ್ಲಿಯೂ ಕೊಟ್ಟು, ಪುಸ್ತಕಗಳ ದಾಖಲೆಗಳನ್ನು ಅದಕ್ಕೆ ಜೋಡಿಸುತ್ತೇನೆ. ಹುಡುಕಾಟದಲ್ಲಿ ಈ ಪರ್ಯಾಯ ರೂಪಗಳನ್ನೂ ಪರಿಗಣಿಸುವಂತೆ ವ್ಯವಸ್ಥೆ ಮಾಡಿದರೆ ಓದುಗರು ಯಾವ ಹೆಸರಿನಿಂದ ಹುಡುಕಿದರೂ ಪುಸ್ತಕ ಸಿಗುತ್ತದೆ. ಇದು ನಿಧಾನದ ಕೆಲಸ. ಬೇಗ ಮಾಡುವ ಉಪಾಯವನ್ನು ಹುಡುಕಲೂ ನಾನು ಹೋಗಿಲ್ಲ.

ತಿದ್ದಿದ ಕಡತವನ್ನು ಕೋಹಾಕ್ಕೆ ಮರಳಿಸುವಾಗ, ದಾಖಲೆ ಸಂಖ್ಯೆಯನ್ನು ಹೋಲಿಸಿ ಹಳೆಯದರ ಜಾಗದಲ್ಲಿ ಹೊಸದನ್ನು ಇರಿಸುವ ನಿಯಮವನ್ನು ಮೊದಲೇ ಗೊತ್ತುಪಡಿಸಬೇಕು, ಇಲ್ಲವಾದರೆ ಒಂದೇ ಪುಸ್ತಕಕ್ಕೆ ಎರಡು ದಾಖಲೆಗಳಾಗುತ್ತವೆ. ನಾನು ಸಣ್ಣ ಕಂತುಗಳಲ್ಲಿ ಸೇರಿಸಿ, ಪ್ರತಿ ಕಂತಿನ ನಂತರ ಹುಡುಕಾಟದ ಸೂಚಿಯನ್ನು ಹೊಸದಾಗಿಸುವ ಮರುಸೂಚಿಕೆ ಮುಗಿದದ್ದನ್ನು ಖಚಿತಪಡಿಸಿಕೊಂಡು, ಓದುಗರು ಬಳಸುವ ಪುಟದಲ್ಲಿಯೇ ಹುಡುಕಿ ನೋಡುತ್ತೇನೆ. ಓಪನ್‌ರಿಫೈನ್ ಮಾಡಿದ ಬದಲಾವಣೆಗಳನ್ನೆಲ್ಲ ಕ್ರಮವಾಗಿ ದಾಖಲಿಸಿಟ್ಟು ಮತ್ತೆ ಬಳಸಬಹುದಾದ ಜೇಸನ್ ಎಂಬ ಪಠ್ಯರೂಪದಲ್ಲಿ ಕೊಡುವುದರಿಂದ, ಅನುಸ್ವಾರದ ನಿಯಮವನ್ನು ಒಂದು ಕಡತದಲ್ಲಿ ಉಳಿಸಿಕೊಂಡು, ಹೊರಗಿನಿಂದ ಬರುವ ಪ್ರತಿಯೊಂದು ಹೊಸ ಪಟ್ಟಿಯನ್ನೂ ಈಗ ಅದರ ಮೂಲಕವೇ ಹಾಯಿಸಿ ಕೋಹಾಕ್ಕೆ ಸೇರಿಸುತ್ತಿದ್ದೇನೆ.